ಪಟಿಕ ಸೋತ ಬೆಳಿಗ್ಗೆ

ಊರಿಗೆ ನೀರು ಬಿಡುವ ಶುದ್ಧೀಕರಣ ಘಟಕದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಪಟಿಕದಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಸೋಸುವ ತೊಟ್ಟಿಯ ಮರಳು ತೊಳೆಯಲು ಕೂಲಿಗೆ ಬಂದವಳು ಮೂವತ್ತನಾಲ್ಕು ವರ್ಷ ಅಲ್ಲೇ ಬೇರು ಬಿಟ್ಟಿದ್ದಳು. ಬಂದ ಮೊದಲ ವಾರವೇ ಯಾರೋ ಒಂದು ಲೋಟ ಕೆಸರು ನೀರಿಗೆ ಚಿಟಿಕೆ ಪಟಿಕದ ಪುಡಿ ಹಾಕಿ, ಕದಡಿ, "ಈಗ ನೋಡು" ಎಂದಿದ್ದರು. ನೋಡುತ್ತಿದ್ದ ಹಾಗೇ ಕೆಸರು ಒಡೆದ ಹಾಲಿನಂತೆ ಗಂಟು ಗಂಟಾಗಿ ತಳ ಸೇರಿತು. ಮೇಲೆ ಉಳಿದ ನೀರಿನಾಚೆ ಅವಳ ಬೆರಳಿನ ಗೆರೆಗಳು ಕಂಡವು. ಅಂದು ಬಿಟ್ಟ ಬಾಯಿಯನ್ನು ಅಕ್ಕ ಇನ್ನೂ ಮುಚ್ಚಿಲ್ಲ ಎಂದು ಅವಳ ತಂಗಿ ಆಡಿಕೊಳ್ಳುತ್ತಿದ್ದಳು.

ಬೆರಗು ಹಾಗೇ ಉಳಿಯಿತು, ಜೊತೆಗೆ ಜಂಬವೂ ಬೆಳೆಯಿತು. ಹೊಳೆ ನೀರಿನ ಬಣ್ಣ ನೋಡಿಯೇ ಎಷ್ಟು ಗಟ್ಟಿ ಪಟಿಕ ಕರಗಿಸಬೇಕೆಂದು ಹೇಳಿಬಿಡುತ್ತಿದ್ದಳು. ಲ್ಯಾಬಿನ ಹುಡುಗಿ ಬಂದು ಎರಡು ವರ್ಷವಾಗಿತ್ತು. ಆರು ಗಾಜಿನ ಜಾಡಿಗಳಲ್ಲಿ ನೀರು ಹಿಡಿದು, ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕ ಹಾಕಿ ಪರೀಕ್ಷೆ ಮಾಡುವುದು ಅವಳ ಕೆಲಸ. ಪಟಿಕದಕ್ಕನ ಪಾಲಿಗೆ ಅದು ಮಕ್ಕಳಾಟ. "ನಿಮ್ಮ ಜಾಡಿ ಕಣ್ಣು ಬಿಡೋ ಹೊತ್ತಿಗೆ ನನ್ನ ತೊಟ್ಟಿ ತಿಳಿಯಾಗಿರುತ್ತೆ ಮೇಡಮ್ಮಾ" ಎನ್ನುತ್ತಿದ್ದಳು. ಹಾಗೇ ಆಗುತ್ತಲೂ ಇತ್ತು, ಹುಡುಗಿ ನಕ್ಕು ತನ್ನ ಜಾಡಿ ತೊಳೆದಿಡುತ್ತಿದ್ದಳು.

ಮೂರು ದಿನ ಎಡೆಬಿಡದೆ ಮಳೆ ಸುರಿದ ಮೇಲೆ ಹೊಳೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಬಂತು. ಬೆಳಿಗ್ಗೆ ಆರಕ್ಕೆ ಪಟಿಕದಕ್ಕ ತೊಟ್ಟಿಗೆ ಇಣುಕಿ, ಎಂದಿಗಿಂತ ದುಪ್ಪಟ್ಟು ಪಟಿಕ ಬಿಡಿಸಿದಳು. ಕೆಸರು ಗಂಟು ಕಟ್ಟಲಿಲ್ಲ. ಇನ್ನಷ್ಟು ಬಿಡಿಸಿದಳು. ನೀರು ತಿಳಿಯಾಗುವುದಿರಲಿ, ಮೊದಲಿಗಿಂತ ಮಬ್ಬಾಗಿ ಕದಲದೆ ನಿಂತಿತು.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯಿಂದ ಫೋನು: ತಮ್ಮ ಮೇಲಿನ ಟ್ಯಾಂಕಿನಲ್ಲಿರುವ ನೀರು ಮಧ್ಯಾಹ್ನ ಹನ್ನೆರಡರವರೆಗೆ ಬಂದರೆ ಹೆಚ್ಚು. ಪಟಿಕದಕ್ಕನ ತಂಗಿಯ ಎರಡೂ ಮೂತ್ರಪಿಂಡ ಕೈಕೊಟ್ಟು ವರ್ಷವಾಗಿತ್ತು. ದಿನ ಬಿಟ್ಟು ದಿನ ಅದೇ ಆಸ್ಪತ್ರೆಯ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಳ್ಳಬೇಕು, ಅದಕ್ಕೆ ಕೊಡಗಟ್ಟಲೆ ನೀರು ಬೇಕು. ಮಳೆಯಿಂದಾಗಿ ಹಿಂದಿನ ಸರದಿ ಆಗಲೇ ತಪ್ಪಿಹೋಗಿತ್ತು, ಮುಖ ಊದಿಕೊಂಡಿತ್ತು. ಇಂದು ಒಂದು ಗಂಟೆಗೆ ಅವಳ ಸರದಿ.

ಪಟಿಕದಕ್ಕ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಅಲ್ಲಿಗೆ ಅವಳು ತಾನಾಗಿ ಬಂದದ್ದು ಅದೇ ಮೊದಲು.

"ಮಗಳೇ, ನನ್ನ ಕಣ್ಣು ಕೈಕೊಡ್ತು. ನಿನ್ನ ಜಾಡಿ ಇಡು."

ಹುಡುಗಿ ಒಂದು ಮಾತೂ ಚುಚ್ಚಲಿಲ್ಲ. ತೊಟ್ಟಿಯ ನೀರಿಗೆ ಹುಳಿ-ಕ್ಷಾರ ತೋರಿಸುವ ಬಣ್ಣದ ಸೀಸೆಯಿಂದ ಎರಡು ಹನಿ ಬಿಟ್ಟಳು. ಹಸಿರಾಗಬೇಕಿದ್ದ ನೀರು ಹಳದಿಯಾಯಿತು.

"ಹುಳಿಯಾಗಿದೆ ಅಕ್ಕಾ. ನೀರಲ್ಲಿ ಒಂಚೂರು ಕ್ಷಾರ ಇದ್ರೆ ಮಾತ್ರ ಪಟಿಕ ಗಂಟು ಕಟ್ಟುತ್ತೆ. ಬೇರೆ ದಿನ ಹೊಳೇಲೇ ಇರುತ್ತೆ. ಇದು ಬರೀ ಮಳೆನೀರು. ಇದ್ದಷ್ಟನ್ನೂ ನಮ್ಮ ಪಟಿಕ ತಿಂದು ಮುಗಿಸಿದೆ."

"ಅಂದ್ರೆ ನಾನು ಹಾಕ್ದಷ್ಟೂ ಕೆಡಿಸ್ದೆ."

"ಸುಣ್ಣ ಇದ್ರೆ ಸರಿಹೋಗುತ್ತೆ. ಸ್ಟೋರಲ್ಲಿ ಇಲ್ವಲ್ಲ."

ಪಟಿಕದಕ್ಕ ಆಗಲೇ ಓಡುತ್ತಿದ್ದಳು. ಕಾಂಪೌಂಡ್ ಗೋಡೆಗೆ ಸುಣ್ಣ ಬಳಿಯಲು ಬಂದವನು ಮಳೆಗೆ ಕೆಲಸ ನಿಂತು, ಗೇಟಿನ ಶೆಡ್ಡಿನಲ್ಲಿ ಮೂಟೆಗಳಿಗೆ ಒರಗಿ ತೂಕಡಿಸುತ್ತಿದ್ದ.

"ಅಂಟು, ನೀಲಿ ಏನಾದ್ರೂ ಬೆರೆಸಿದ್ದೀಯೇನೋ?"

"ಇನ್ನೂ ಮೂಟೆ ಬಾಯೇ ಬಿಚ್ಚಿಲ್ಲಕ್ಕ. ಯಾಕೆ, ಊರಿಗೆ ಕುಡಿಸ್ತೀಯಾ?"

"ಹೂಂ, ಕುಡಿಸ್ತೀನಿ. ಏಳು ಮೇಲೆ."

ಹುಡುಗಿ ಮೂಟೆಯ ಮೇಲಿನ ಅಕ್ಷರ ಓದಿದಳು, ಸುಣ್ಣವನ್ನು ಪರೀಕ್ಷಿಸಿ ನೋಡಿದಳು, ಆಮೇಲೆ ತೊಟ್ಟಿಯ ನೀರನ್ನೇ ಆರು ಜಾಡಿಗೆ ತುಂಬಿ ಅಳತೆ ಅಳತೆಯಾಗಿ ಸುಣ್ಣದ ತಿಳಿ ಬಿಟ್ಟಳು. ಪಟಿಕದಕ್ಕ ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮೊದಲ ಮೂರು ಜಾಡಿಗಳಲ್ಲಿ ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ಮಬ್ಬು ನಡುಗಿದಂತೆ ಕಂಡಿತು. ಎಲ್ಲಿಂದಲೋ ಒಂದು ಚೂರು ಹುಟ್ಟಿತು, ಅದಕ್ಕೊಂದು ಅಂಟಿತು, ಹತ್ತು ಅಂಟಿದವು, ಹತ್ತಿಯ ಎಳೆಗಳಂತೆ ತೂಗಾಡುತ್ತ ಇಳಿಯತೊಡಗಿದವು. ಗೋಡೆಗೆ ಬಳಿಯುವ ಪುಡಿ, ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಹರಳು. ಒಂದನ್ನೊಂದು ಮುಟ್ಟಿದರೆ ಬೆಟ್ಟದಿಂದ ಕೊಚ್ಚಿ ಬಂದ ಮಣ್ಣೂ ತಲೆ ಬಾಗಿಸುತ್ತದೆ. ಅವಳ ಕಣ್ಣು ತುಂಬಿಬಂತು.

"ನಾಲ್ಕನೇದು" ಎಂದಳು ಹುಡುಗಿ.

ಆ ಲೆಕ್ಕದಲ್ಲೇ ಮೂಟೆಗಳು ಕರಗಿದವು. ಎಂಟಾಯಿತು, ಒಂಬತ್ತಾಯಿತು. ಪಟಿಕದಕ್ಕ ತೊಟ್ಟಿಯ ಕಟ್ಟೆ ಬಿಟ್ಟು ಅಲ್ಲಾಡಲಿಲ್ಲ. ಹತ್ತೂವರೆಗೆ ತೊಟ್ಟಿಯ ಎರಡನೇ ಮೆಟ್ಟಿಲು ಕಂಡಿತು, ಆಮೇಲೆ ಮೂರನೆಯದು. ಮರಳಲ್ಲಿ ಸೋಸಿ, ಬ್ಲೀಚಿಂಗ್ ಪುಡಿಯ ನೀರು ಬೆರೆಸಿ, ಹುಡುಗಿ ಮತ್ತೊಮ್ಮೆ ಹನಿ ಬಿಟ್ಟು ತಲೆಯಾಡಿಸಿದಾಗ ಹನ್ನೊಂದೂಮುಕ್ಕಾಲು. ಆಸ್ಪತ್ರೆಯ ಕಡೆಯ ವಾಲ್ವನ್ನು ಪಟಿಕದಕ್ಕ ತಾನೇ ತಿರುಗಿಸಿದಳು.

ಒಂದೂವರೆಗೆ ತಂಗಿಯ ಫೋನು ಬಂತು. ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು.

"ಅಕ್ಕಾ, ಹಚ್ಚಿದ್ರು. ನಿನ್ನ ನೀರು ಬಂತಲ್ಲ."

"ಬೆಳಿಗ್ಗೆ ಅದನ್ನ ನಾನೇ ಕೆಡಿಸಿದ್ದೆ ಕಣೇ."

"ಸರಿ ಮಾಡಿದ್ದೂ ನೀನೇ ತಾನೇ?"

"ಇಲ್ಲಮ್ಮಾ" ಎಂದಳು ಪಟಿಕದಕ್ಕ. "ಅದೇ ಸರಿಯಾಯ್ತು. ನಾನು ಬಾಯಿ ಬಿಟ್ಕೊಂಡು ನೋಡ್ತಾ ಇದ್ದೆ ಅಷ್ಟೆ."