ಹಿಂಬದಿ ಕೋಣೆಯ ನರ್ಸಮ್ಮ

ಓಲೆ ತೆಗೆದು ವರ್ಷಗಳಾಗಿದ್ದರಿಂದ ಅವರ ಕಿವಿಯ ತೂತುಗಳು ಮುಚ್ಚಿಕೊಂಡು, ಆ ಜಾಗದಲ್ಲಿ ಎರಡು ಸಣ್ಣ ಗುಳಿ ಮಾತ್ರ ಉಳಿದಿದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಹೊಸೂರಿನ ನಮ್ಮ ಮನೆಯ ಹಿಂಬದಿ ಕೋಣೆಗೆ ಬಾಡಿಗೆಗೆ ಬಂದಾಗ ಅಜ್ಜಿ, "ಯಾಕಮ್ಮ ಬೋಳುಗಿವಿ?" ಎಂದು ಕೇಳಿಯೇಬಿಟ್ಟಳು.

"ಯೇಸುನ ನಂಬಿದ್ಮೇಲೆ ಒಡವೆ ಬೇಡ ಅನ್ನಿಸ್ತು ಅಜ್ಜಿ, ಬಿಚ್ಚಿಟ್ಟೆ" ಎಂದು ನಕ್ಕರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರು ಬೀದಿಗೆಲ್ಲ ನರ್ಸಮ್ಮ.

ಭಾನುವಾರ ಮಧ್ಯಾಹ್ನ ಹೆಂಗಸರ ಜೊತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯಲು ಕೂರುವರು. ಕೈಗೆ ಕೆಲಸ ಸಿಕ್ಕರೆ ಬಾಯಿಗೆ ಯೇಸು ಬರುತ್ತಿದ್ದ. "ನಮ್ ಪಾಪಕ್ಕೇ ಆತ ಪ್ರಾಣ ಕೊಟ್ಟ, ಸಮಾಧಿಯಿಂದ ಎದ್ದೂ ಬಂದ. ಕೇಳ್ಸ್ಕೊಳ್ಳಿ, ಆಮೇಲೆ ನಿಮ್ಮಿಷ್ಟ."

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, "ಎಲ್ಲಾ ದೇವ್ರೂ ಒಂದೇ ಬಿಡಮ್ಮ" ಎಂದು ಪೇಪರ್ ಬಿಡಿಸುವರು. ಮೂಲೆಮನೆ ಅತ್ತೆ ಒಂದು ಯೇಸುವಿನ ಪಟ ಕೇಳಿ ಪಡೆದು, ಮುರುಗನಿಗೂ ತಿಮ್ಮಪ್ಪನಿಗೂ ನಡುವೆ ತೂಗುಹಾಕಿದಳು. ಹೈಸ್ಕೂಲು ಹುಡುಗಿಯಾಗಿದ್ದ ನನಗೆ ಆಕಳಿಕೆ. ನಮ್ಮ ಪಾತ್ರೆ ತೊಳೆಯುತ್ತಿದ್ದವಳು ಮಾತ್ರ ಬೂದಿಗೈಯಲ್ಲೇ ಹತ್ತಿರ ಬಂದು ಕೇಳಿದಳು: "ಅಮ್ಮ, ಆ ಸಾಮಿ ನಮ್ಮಂತೋರ್ ಮನೀಗೂ ಬತ್ತದಾ?" ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ ಅವಳು.

"ಬತ್ತಾರೆ ಕಣಮ್ಮ. ಕೂತು ಊಟಾನೂ ಮಾಡ್ತಾರೆ."

ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕೆಲವು ತಿಂಗಳಲ್ಲಿ ಚರ್ಚಿಗೆ ಹೋಗತೊಡಗಿದಳು. ಬೀದಿಯಲ್ಲಿ ಗುಸುಗುಸು ಎದ್ದಿತು. ಎಲ್ಲಾ ದೇವರೂ ಒಂದೇ ಎಂದಿದ್ದ ಅಪ್ಪ ನನ್ನನ್ನು ಕರೆದು, "ಅಣ್ಣನ ಮದ್ವೆ ಇದೆ, ಕೋಣೆ ಬೇಕು ಅಂತ ನರ್ಸಮ್ಮಂಗೆ ಹೇಳ್ಬಿಟ್ ಬಾ" ಎಂದರು. ಅಣ್ಣನಿಗೆ ಆಗ ಮೀಸೆಯೂ ಸರಿಯಾಗಿ ಮೂಡಿರಲಿಲ್ಲ.

ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ನರ್ಸಮ್ಮ ನನ್ನ ಗಲ್ಲ ಎತ್ತಿ, "ನೀನ್ಯಾಕಮ್ಮ ತಲೆ ತಗ್ಗಿಸ್ತೀಯ? ಹೇಳಿ ಕಳ್ಸಿದ್ದು ಹೇಳ್ದೆ, ಅಷ್ಟೇ" ಎಂದರು. ಆ ವಾರವೇ ಬಾಗಲೂರು ರಸ್ತೆಯ ಕಡೆ ಮನೆ ಹಿಡಿದರು.

ಆಮೇಲೆ ಅಜ್ಜಿಗೆ ಲಕ್ವ ಹೊಡೆಯಿತು. ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ಅಮ್ಮ ಅಪ್ಪನನ್ನು ಕೇಳದೆಯೇ ನರ್ಸಮ್ಮನಿಗೆ ಹೇಳಿಕಳಿಸಿದಳು. ನರ್ಸಮ್ಮ ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದು ಹುಣ್ಣು ತೊಳೆದು, ಅಜ್ಜಿಯ ಮಗ್ಗುಲು ಬದಲಾಯಿಸಿ ಹೋಗುವರು. ಅವರ ಚಪ್ಪಲಿ ಸದ್ದಾದರೆ ಸಾಕು, ಅಪ್ಪ ಹಿತ್ತಲಿಗೆ ಎದ್ದುಹೋಗುವರು.

ಒಂದು ಸಂಜೆ ಅಜ್ಜಿ ತೊದಲುತ್ತಾ, "ನಿನ್ ಸಾಮಿ ಕತೆ ಹೇಳಮ್ಮ" ಎಂದಳು. ಅಂದು ಅಪ್ಪ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದರು.

"ಹೇಳ್ಲಾ ಅಣ್ಣ?" ಎಂದರು ನರ್ಸಮ್ಮ.

ಅಪ್ಪ ಅವರಿಗೆ ಕುರ್ಚಿ ಎಳೆದುಕೊಟ್ಟರು. ಶಿಲುಬೆಯವರೆಗೆ ಕೇಳಿದ ಅಜ್ಜಿ, "ಅಯ್ಯೋ, ಹೆತ್ತೋಳ್ ಕಣ್ಮುಂದೇನಾ?" ಎಂದು ಆ ತಾಯಿಗಾಗಿ ಕಣ್ಣೀರು ಹಾಕಿದಳು. ಆ ಕತೆಯಲ್ಲಿ ಅವಳಿಗೆ ದಕ್ಕಿದ್ದು ಅದು.

ಎಂಬತ್ತರ ದಶಕದಲ್ಲಿ ನರ್ಸಮ್ಮ ಕೃಷ್ಣಗಿರಿಯಲ್ಲಿ ತೀರಿಕೊಂಡರು. ನಾನೂ ಅಪ್ಪನೂ ಬಸ್ಸು ಹಿಡಿದು ಹೋದೆವು. ಸಮಾಧಿಯ ಬಳಿ ಚರ್ಚಿನ ಹಿರಿಯರೊಬ್ಬರು ವಿಶ್ವಾಸದಿಂದ, "ತಾವು ಅವ್ರಿಗೆ ಏನಾಗ್ಬೇಕು?" ಎಂದು ಅಪ್ಪನನ್ನು ವಿಚಾರಿಸಿದರು.

ನೆಂಟರೆಂದಾರು, ಸ್ನೇಹಿತರೆಂದಾರು ಎಂದುಕೊಂಡೆ.

"ಅವ್ರನ್ನ ಮನೆ ಖಾಲಿ ಮಾಡ್ಸ್ದೋನು" ಎಂದರು ಅಪ್ಪ.

ನನ್ನ ಮುಖ ಉರಿಯಿತು. ಆ ಹಿರಿಯರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು.