ಕೊಡೆ ರಿಪೇರಿಯವರನ್ನು ಹುಡುಕಿಕೊಂಡು ಹೋದದ್ದು

ಬೆಂಗಳೂರಿನ ಪ್ರಕಾಶನವೊಂದರ ಸಂಪಾದಕಿ ಫೋನು ಮಾಡಿದಾಗ ನಾನು ನಮ್ಮ ಬಂಟ್ವಾಳದ ಮೆಲ್ಕಾರಿನಲ್ಲಿ ಮೀನಿನವಳ ಮುಂದೆ ಕೂತು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಮಕ್ಕಳ ಪುಸ್ತಕವಂತೆ, ಹನ್ನೆರಡು ಚಿತ್ರ ಮತ್ತು ಒಂದು ಮುಖಪುಟ ಬೇಕಂತೆ. ಕೊಡೆ ರಿಪೇರಿ ಮಾಡುವ ಒಬ್ಬ ಅಜ್ಜನ ಕಥೆ.

"ನಿಮ್ಮ ಕಡೆಯದೇ ವಾತಾವರಣ ಮೇಡಂ. ತುಂಬಾ ಅಥೆಂಟಿಕ್ ಆಗಿ ಬರ್ಬೇಕು" ಎಂದಳು.

ಅಥೆಂಟಿಕ್ ಎಂಬ ಪದವನ್ನು ಐದು ನಿಮಿಷದಲ್ಲಿ ನಾಲ್ಕು ಸಲ ಹೇಳಿದಳು. ನಾನೂ ಘನವಾಗಿ "ಖಂಡಿತ ಮಾಡ್ತೇನೆ" ಎಂದೆ. ಮನೆಗೆ ಬಂದು, ಮೀನು ಫ್ರಿಜ್ಜಿಗೆ ಹಾಕಿ, ಅಥೆಂಟಿಕ್ ಆದದ್ದನ್ನು ಹುಡುಕಲು ಎಲ್ಲರೂ ಹೋಗುವ ಜಾಗಕ್ಕೇ ಹೋದೆ. ಎಂದರೆ ಕುರ್ಚಿಯಿಂದ ಏಳದೆ ಮೊಬೈಲು ತೆಗೆದೆ.

ಹಿಂದೆಲ್ಲ ಹೀಗೆ ಹುಡುಕಿದರೆ ಯಾರೋ ಪುಣ್ಯಾತ್ಮರು ತೆಗೆದ ಮಸುಕು ಫೋಟೋಗಳಾದರೂ ಸಿಗುತ್ತಿದ್ದವು. ಈಗ ಮಸುಕೆಂಬುದೇ ಇಲ್ಲ. ನೂರಾರು ಅಜ್ಜಂದಿರು ಬಂದರು, ಎಲ್ಲರೂ ಎ.ಐ. ಎಂಬ ಯಂತ್ರ ಬರೆದ ಚಿತ್ರಗಳು. ಎಲ್ಲರಿಗೂ ಬಿಳಿ ಗಡ್ಡ, ಕೆಂಪು ರುಮಾಲು, ಒಂದೊಂದು ಸುಕ್ಕಿಗೂ ಎಣ್ಣೆ ಹಚ್ಚಿದ ಹೊಳಪು. ಒಬ್ಬ ಅಜ್ಜ ಆರು ಬೆರಳಿನಿಂದ ಕೊಡೆ ಹಿಡಿದಿದ್ದ. ಆ ಕೊಡೆಗೆ ಎರಡು ಹಿಡಿ ಇದ್ದದ್ದರಿಂದ ಹೆಚ್ಚಿನ ಬೆರಳು ಬೇಕಾಗಿತ್ತೋ ಏನೋ. ಇನ್ನೊಬ್ಬನ ಮೊಣಕೈಯಿಂದಲೇ ಕೊಡೆಯ ಕಡ್ಡಿಗಳು ಹೊರಟಿದ್ದವು. ಯಂತ್ರಕ್ಕೇ ಊರಿನ ಹೆಸರು ಕೊಟ್ಟು ಚಿತ್ರ ಬರೆಸಿ ನೋಡುವ ಎಂದು ಬಂಟ್ವಾಳ ಎಂದು ಹಾಕಿದೆ. ಯಂತ್ರ ಸ್ವಲ್ಪವೂ ಅಳುಕದೆ ನೇತ್ರಾವತಿಯ ದಡದಲ್ಲಿ ಹಿಮದ ಬೆಟ್ಟ ನಿಲ್ಲಿಸಿ, ಎದುರಿಗೆ ಒಂದು ಆನೆಯನ್ನು ಕಟ್ಟಿಕೊಟ್ಟಿತು. ಐವತ್ತು ವರ್ಷದಿಂದ ಇಲ್ಲೇ ಇದ್ದು ನಾನು ಇದನ್ನೆಲ್ಲ ನೋಡದೆ ಹೋದೆನಲ್ಲ ಎಂದು ಬೇಸರವಾಯಿತು.

ಆಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಆ ಅಜ್ಜಂದಿರಲ್ಲಿ ಒಬ್ಬನನ್ನು ಆರಿಸಿ, ಆರನೆಯ ಬೆರಳನ್ನು ತೆಗೆದು, ಕೈಯಲ್ಲಿ ಬರೆದು ಕಳಿಸಿದೆ. ಇಪ್ಪತ್ತೈದು ವರ್ಷದ ಅನುಭವ ಬೆರಳು ತೆಗೆಯಲಿಕ್ಕಾದರೂ ಉಪಯೋಗಕ್ಕೆ ಬಂತು. ಸಂಪಾದಕಿಯಿಂದ ಕೂಡಲೇ ವಾಟ್ಸಾಪಿನಲ್ಲಿ ಮೂರು ಹೃದಯ ಬಂತು. "ಎಷ್ಟು ಅಥೆಂಟಿಕ್ ಆಗಿದೆ ಮೇಡಂ!"

ಚಿತ್ರ ಮೇಜಿನ ಮೇಲಿತ್ತು. ಚಾ ತಂದ ಅಮ್ಮ ಅದನ್ನು ಎತ್ತಿ, ಕಿಟಿಕಿಯ ಹತ್ತಿರ ಹೋಗಿ ನೋಡಿದರು. ಅಮ್ಮ ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ. ನನ್ನ ಚಿತ್ರಗಳ ಬಗ್ಗೆ ಇಷ್ಟರವರೆಗೆ ಅವರು ಹೇಳಿದ್ದು ಒಂದೇ ಮಾತು, "ಬಣ್ಣ ಜಾಸ್ತಿ ಖರ್ಚಾಗ್ತದೆ ನಿನಗೆ."

"ಇವರು ಎಂತ ಮಾಡುವುದು?" ಎಂದು ಕೇಳಿದರು.

"ಕೊಡೆ ರಿಪೇರಿ."

"ಹೌದಾ? ನಾನು ಕೊಡೆಗೆ ಪೂಜೆ ಮಾಡುವುದು ಅಂತ ಗ್ರಹಿಸಿದೆ."

ಹೇಳಿ ಒಳಗೆ ಹೋದರು. ನಾನು ನೋಡಿದೆ. ನಿಜ, ಅಜ್ಜ ಕೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಭಕ್ತಿಯಿಂದ ಕೂತಿದ್ದ. ಸೂಜಿ ಎಲ್ಲಿ, ದಾರ ಎಲ್ಲಿ, ಕೊಡೆಯಲ್ಲಿ ಹಾಳಾದದ್ದು ಏನು, ಒಂದೂ ಇಲ್ಲ. ಕೊಡೆ ರಿಪೇರಿ ಮಾಡುವವರು ಹೇಗೆ ಕೂತುಕೊಳ್ಳುತ್ತಾರೆಂದು ನೆನಪು ಮಾಡಲು ನೋಡಿದೆ. ನೆನಪಾಗಲಿಲ್ಲ. ಮೂರು ಹೃದಯದ ಸಂತೋಷ ಅಲ್ಲಿಗೆ ಮುಗಿಯಿತು.

ಮರುದಿನ ನೆಪಕ್ಕೆಂದು ಒಂದು ಹಳೆಯ ಕೊಡೆಯ ಕಡ್ಡಿಯನ್ನು ನಾನೇ ಬಗ್ಗಿಸಿ, ಚೀಲಕ್ಕೆ ಸ್ಕೆಚ್ ಪುಸ್ತಕ ಹಾಕಿ ಹೊರಟೆ. ಬಂಟ್ವಾಳ ಪೇಟೆಯಲ್ಲಿ ಕೊಡೆಯಂಗಡಿಯವರು ನನ್ನ ಕೊಡೆಯನ್ನು ಮುಟ್ಟಲೂ ಇಲ್ಲ. "ರಿಪೇರಿಯಾ? ಈಗ ಯಾರು ಮಾಡ್ತಾರೆ ಅಕ್ಕ? ಹೊಸತು ಕೊಂಡುಹೋಗಿ, ಬಟನ್ನು ಒತ್ತಿದರೆ ಬಿಡಿಸಿಕೊಳ್ತದೆ." ಮಾಣಿ ಎಂಬ ಊರಿನ ಜಂಕ್ಷನಿನಲ್ಲಿ ಹೋಟೆಲಿನವರು, ಮೊದಲು ಇಲ್ಲೇ ಎದುರಿಗೆ ಒಬ್ಬರು ಕೂರುತ್ತಿದ್ದರೆಂದು ಬೆರಳು ತೋರಿಸಿದರು. ಬೆರಳು ತೋರಿಸಿದ ಕಡೆ ಮೊಬೈಲಿನ ಕವರುಗಳು ನೇತಾಡುತ್ತಿದ್ದವು. ಇನ್ನೊಂದು ದಿನ ಬೆಳ್ತಂಗಡಿಗೆ ಹೋದೆ. ಅಲ್ಲಿಂದ ಲಾಯಿಲಕ್ಕೆ ಹೋಗುವ ದಾರಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಕೊಡೆಯನ್ನು ಬಿಡಿಸಿ, ತಿರುಗಿಸಿ, ನನ್ನನ್ನು ನೋಡಿದರು.

"ಇದು ಗಾಳಿಗೆ ಬಗ್ಗಿದ್ದಲ್ಲ. ಯಾರೋ ಬೇಕಂತ ಬಗ್ಗಿಸಿದ್ದು."

ನಾನು ಸ್ಕೆಚ್ ಪುಸ್ತಕವನ್ನು ಚೀಲದೊಳಗೆ ಇನ್ನಷ್ಟು ಕೆಳಗೆ ತಳ್ಳಿದೆ.

"ನನ್ನಿಂದ ಆಗುವುದಿಲ್ಲ. ಮೂಡುಬಿದಿರೆಯಲ್ಲಿ ಒಬ್ಬರು ಬ್ಯಾರಿ ಅಜ್ಜ ಇದ್ದಾರೆ, ಮಾರ್ಕೆಟಿನ ಹತ್ತಿರ. ಅವರು ಮಾಡ್ತಾರೆ."

ವೇಣೂರಿನ ಮೂಲಕ ಹೋಗುವ ಬಸ್ಸಿನಲ್ಲಿ ಕೂತು, ಕಂಡೇ ಇರದ ಆ ಮುಸ್ಲಿಂ ಅಜ್ಜನನ್ನು ಮನಸ್ಸಿನಲ್ಲೇ ಬರೆದುಕೊಂಡೆ. ಇಳಿಯುವಷ್ಟರಲ್ಲಿ ಅವರಿಗೆ ಬಿಳಿ ಗಡ್ಡ ಬಂದಿತ್ತು, ತಲೆಗೊಂದು ರುಮಾಲೂ ಬಂದಿತ್ತು. ಯಂತ್ರವನ್ನು ಬೈಯುವುದು ಸುಲಭ. ಅದು ನನ್ನ ತಲೆಯೊಳಗೇ ಬಾಡಿಗೆಗೆ ಕೂತಿದೆಯೆಂದು ಆಗ ಗೊತ್ತಾಯಿತು.

ಮೂಡುಬಿದಿರೆಯಲ್ಲಿ ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಅವರು ಸಿಕ್ಕಿದರು. ಗಡ್ಡವಿರಲಿಲ್ಲ. ರುಮಾಲಿನ ಜಾಗದಲ್ಲಿ ನುಣ್ಣಗಿನ ಬೋಳುತಲೆ. ಯಾವುದೋ ವಿದೇಶಿ ಫುಟ್‌ಬಾಲ್ ತಂಡದ ನೀಲಿ ಟೀ ಶರ್ಟು, ಚೌಕುಳಿ ಲುಂಗಿ, ಒಂದು ಬದಿಯ ಕಡ್ಡಿಗೆ ದಾರ ಕಟ್ಟಿದ ಕನ್ನಡಕ. ಹದಿನೆಂಟು ವರ್ಷ ಸೌದಿಯಲ್ಲಿ ತಂಪು ಗೋದಾಮಿನಲ್ಲಿ ಕೋಳಿ ಎತ್ತಿಡುತ್ತಿದ್ದವರು, ಊರಿಗೆ ಬಂದ ಮೇಲೆ ತಂದೆಯ ಕಸುಬಿಗೆ ಕೂತವರು. ಮಳೆಗಾಲಕ್ಕೆ ಕೊಡೆ, ಬೇಸಗೆಗೆ ಶಾಲೆಚೀಲದ ಜಿಪ್ಪು.

"ಕಾಕಾ, ನೀವು ಕೆಲಸ ಮಾಡುವುದನ್ನು ನೋಡಿ ಚಿತ್ರ ಬರೆಯಬಹುದಾ?" ಎಂದೆ.

"ನನ್ನದಾ? ಎಂತಕ್ಕೆ? ಚಿತ್ರ ಇದೆಯಲ್ಲ" ಎಂದು ಮೊಬೈಲು ತೆಗೆದು ವಾಟ್ಸಾಪಿನ ಫೋಟೋ ತೋರಿಸಿದರು. ಅದರಲ್ಲಿ ಅವರಿಗೆ ಮೂವತ್ತು ವರ್ಷ. ತಲೆತುಂಬ ಕೂದಲು, ಕಪ್ಪು ಕೋಟು, ಹಿಂದೆ ಬಿಳಿ ಕುದುರೆ. "ಮೊಮ್ಮಗಳು ಮೊಬೈಲಿನಲ್ಲೇ ಮಾಡಿದ್ದು. ಎರಡು ನಿಮಿಷದ ಕೆಲಸ. ಎಷ್ಟು ಚಂದ ಉಂಟು ನೋಡಿ. ನಿಮಗೆ ಎಷ್ಟು ಹೊತ್ತು ಬೇಕು?"

"ಎರಡು ದಿನ ಆದರೂ ಬೇಕು."

ಅವರು ನನ್ನನ್ನು ಕರುಣೆಯಿಂದ ನೋಡಿ, "ಕೂತುಕೊಳ್ಳಿ ಟೀಚರೆ, ಎಂತ ಮಾಡುವುದು" ಎಂದು ಗೋಣಿಯೊಂದನ್ನು ಹಾಸಿಕೊಟ್ಟರು. ನಾನು ಟೀಚರಲ್ಲವೆಂದು ಹೇಳಲು ಹೋಗಲಿಲ್ಲ. ಪುಸ್ತಕ ಹಿಡಿದ ಹೆಂಗಸು ಇನ್ನೇನು ಆಗಲು ಸಾಧ್ಯ?

ಎರಡು ದಿನ ಎಂದದ್ದು ನಾಲ್ಕು ದಿನವಾಯಿತು. ಸಿದ್ಧಕಟ್ಟೆಯ ದಾರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ಕೊಡೆಯನ್ನು ಅವರು ಬುಟ್ಟಿಯ ಹಾಗೆ ಮಗುಚಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು, ಬಿಚ್ಚಿದ ಸಣ್ಣ ತಂತಿ, ಮೊಳೆ ಎಲ್ಲ ಅದರೊಳಗೇ ಬೀಳಲಿ ಎಂದು. ಕಡ್ಡಿ ಜಾರದಂತೆ ಕಾಲಿನ ಹೆಬ್ಬೆರಳಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದರು. ಮಾತಾಡುವಾಗ ಬಾಯಲ್ಲಿ ಕಚ್ಚಿಕೊಂಡ ದಾರ ತುಟಿಯ ಎಡತುದಿಗೆ ಹೋಗುತ್ತಿತ್ತು. ಗಿರಾಕಿ ಚೌಕಾಶಿ ಮಾಡಿದರೆ ದಾರ ನಡುವಿಗೆ ಬಂದು ಬಾಯಿ ಮುಚ್ಚುತ್ತಿತ್ತು. ನನ್ನ ಮೊದಲಿನ ಸ್ಕೆಚ್ ನೋಡಿ "ಕಾಲು ಎಡದ್ದು ಬಲಕ್ಕೆ ಬಂತಲ್ಲ" ಎಂದರು. ತಿದ್ದಿದೆ. "ಈಗ ಇಕ್ಕುಳ ಎಡಗೈಗೆ ಹೋಯ್ತು." ಅದನ್ನೂ ತಿದ್ದಿದೆ. ಯಾವ ಸಂಪಾದಕರೂ ನನ್ನನ್ನು ಇಷ್ಟು ಕಾಡಿಸಿರಲಿಲ್ಲ.

ಮೂರನೆಯ ದಿನ ಮಳೆ ಬಿಟ್ಟು ಒಳ್ಳೆ ಬಿಸಿಲು ಬಂದಿತ್ತು. ಅವರು ಒಂದು ದೊಡ್ಡ ಕಪ್ಪು ಕೊಡೆ ಹಿಡಿದು ಜಗಲಿಯಿಂದ ಅಂಗಳಕ್ಕಿಳಿದು, ಬಿಡಿಸಿ, ತಲೆಯನ್ನು ಬಟ್ಟೆಗೆ ತಾಗುವಷ್ಟು ಒಳಗಿಟ್ಟು ಸೂರ್ಯನ ಕಡೆ ತಿರುಗಿ ನಿಂತರು.

"ಎಂತ ನೋಡುವುದು ಕಾಕಾ?"

"ತೂತು. ಕೆಳಗಿನಿಂದ ನೋಡಿದರೆ ಮಾತ್ರ ಗೊತ್ತಾಗುವುದು."

ನಾನೂ ಹೋಗಿ ಬಗ್ಗಿ ನೋಡಿದೆ. ಕೊಡೆಯೊಳಗಿನ ಕತ್ತಲೆಯಲ್ಲಿ ಅವರ ಬೋಳುತಲೆ, ಕನ್ನಡಕ, ನೀಲಿ ಶರ್ಟಿನ ಮೇಲೆಲ್ಲ ಬೆಳಕಿನ ಚುಕ್ಕಿಗಳು ಬಿದ್ದಿದ್ದವು. ಅವರು ಕೊಡೆ ತಿರುಗಿಸಿದಂತೆ ಚುಕ್ಕಿಗಳೂ ಕೆನ್ನೆಯಿಂದ ಕುತ್ತಿಗೆಗೆ ನಡೆದುಹೋದವು. ಇಷ್ಟು ವರ್ಷ ಕೊಡೆ ಹಿಡಿದು ನಡೆದವಳು ನಾನು, ಇಂಥದ್ದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವಸರಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. "ಒಂದು ನಿಮಿಷ ಹಾಗೇ ನಿಲ್ಲಿ" ಎಂದೆ. ಅವರು ನಿಲ್ಲಲಿಲ್ಲ, ಬಾಯಲ್ಲಿದ್ದ ದಾರದಿಂದಾಗಿ ಏನೋ ಗೊಣಗಿ ಚಾಕ್‌ಪೀಸಿನಲ್ಲಿ ತೂತುಗಳಿಗೆ ಗುರುತು ಹಾಕತೊಡಗಿದರು. ಸಿಕ್ಕಿದಷ್ಟು ಬರೆದುಕೊಂಡೆ.

ಚಿತ್ರಗಳನ್ನು ಕಳಿಸಿದೆ. ಈ ಸಲ ಹೃದಯ ಬರಲಿಲ್ಲ, ಫೋನೇ ಬಂತು.

"ಮೇಡಂ, ಮುಖದ ಮೇಲೆ ಬಿಳಿ ಬಿಳಿ ಕಲೆ ಇದೆಯಲ್ಲ, ಸ್ಕ್ಯಾನ್ ಸರಿ ಬಂದಿಲ್ವಾ?"

"ಅದು ತೂತಿನಿಂದ ಬಂದ ಬೆಳಕು."

"ಓಹ್. ಆದ್ರೆ ಮಕ್ಕಳಿಗೆ ಏನೋ ಕಾಯಿಲೆ ಅನ್ಸುತ್ತೆ. ಮತ್ತೆ ಈ ಟೀ ಶರ್ಟು... ಮೊದಲನೇದೇ ತುಂಬಾ ಅಥೆಂಟಿಕ್ ಆಗಿತ್ತು."

"ಮೊದಲನೆಯದು ಯಂತ್ರದ್ದನ್ನು ನೋಡಿ ಬರೆದದ್ದು" ಎಂದು ಒಪ್ಪಿಕೊಂಡೆ.

ಅವಳು ತುಂಬಾ ಸಂಭಾವಿತ ದನಿಯಲ್ಲಿ, "ಹಾಗಾದ್ರೆ ನಾವೇ ಮಾಡಿಸ್ಕೋಬಹುದಿತ್ತಲ್ಲ ಮೇಡಂ" ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹನ್ನೆರಡು ದಿನ ಎಳೆದಾಡಿದೆವು. ತೂತಿನ ಚಿತ್ರ ತೆಗೆದರೆ ಉಳಿದದ್ದನ್ನೂ ವಾಪಸು ಕೊಡಿ ಎಂದೆ. ಕೊನೆಗೆ ಒಳಗಿನ ಹನ್ನೆರಡೂ ನನ್ನವು, ಮುಖಪುಟ ಪ್ರಕಾಶನದವರೇ ಮಾಡಿಸಿಕೊಳ್ಳುವುದು ಎಂದಾಯಿತು. ಮುಖಪುಟಕ್ಕೆ ಯಾರು ಬಂದರೆಂದು ಬೇರೆ ಹೇಳಬೇಕಾಗಿಲ್ಲ. ಬಿಳಿ ಗಡ್ಡ, ಕೆಂಪು ರುಮಾಲು ಸಮೇತ ಬಂದರು.

ಪುಸ್ತಕ ಬಂದ ವಾರ ಒಂದು ಪ್ರತಿ ಹಿಡಿದುಕೊಂಡು ಮೂಡುಬಿದಿರೆಗೆ ಹೋದೆ. ಜಗಲಿಯಲ್ಲಿ ಶಾಲೆಚೀಲಗಳು ರಾಶಿ ಬಿದ್ದಿದ್ದವು. ಕಾಕಾ ಮುಖಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಭಾರೀ ಚಂದ ಉಂಟು. ಯಾರಿದು?"

"ಯಾರೂ ಅಲ್ಲ. ಒಳಗೆ ನೋಡಿ ಕಾಕಾ."

ಹಾಳೆ ತಿರುವುತ್ತಾ ಹೋದರು. ತಮ್ಮನ್ನು ತಾವು ಕಂಡದ್ದಕ್ಕೆ ಖುಷಿಯೂ ಇಲ್ಲ, ನಾಚಿಕೆಯೂ ಇಲ್ಲ. ಬೆಳಕಿನ ಚುಕ್ಕಿಗಳ ಹಾಳೆ ಬಂದಾಗ ಕನ್ನಡಕ ಸರಿಮಾಡಿಕೊಂಡು, ಮುಖ ಬಿಟ್ಟು ಕೊಡೆಯ ಮೇಲೆ ಬೆರಳಿಟ್ಟರು.

"ಇದು ನಮ್ಮ ಪೋಸ್ಟಾಫೀಸಿನವರ ಕೊಡೆ ಅಲ್ವಾ? ಇಲ್ಲಿ, ಅಂಚಿನಲ್ಲಿ ಎರಡು ತೂತು ಒಟ್ಟಿಗೆ ಇದ್ದದ್ದು ಅವರದ್ದೇ."

ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಕಂಡದ್ದನ್ನು ಬರೆದಿದ್ದೆ, ಅಷ್ಟೆ. ಅವರು ಎದುರಿನ ಚಾದಂಗಡಿಯವನನ್ನು ಕೂಗಿ ಕರೆದು, "ಬಾ ಮಾರಾಯ, ಪೋಸ್ಟಿನವರ ಕೊಡೆ ಪುಸ್ತಕದಲ್ಲಿ ಬಂದಿದೆ" ಎಂದು ತೋರಿಸಿದರು. ಅವನು ಕೈ ಒರೆಸಿಕೊಂಡು ಬಂದು ನೋಡಿ, ಹೌದು, ಅದೇ ಎಂದ. ಇಬ್ಬರೂ ಸೇರಿ ನಾನು ಬರೆದ ತೂತುಗಳನ್ನು ಒಂದೊಂದಾಗಿ ಲೆಕ್ಕ ಮಾಡಲು ಶುರುಮಾಡಿದರು. ನಾನು ಗೋಣಿಯ ಮೇಲೆ ಕೂತು, ಲೆಕ್ಕ ಸರಿ ಬರುತ್ತದೋ ಇಲ್ಲವೋ ಎಂದು ಕಾದೆ.