ಬೀಗರಿಗೆ ಮಾಡಿದ ಗಾಡಿ

ಸಮುದ್ರ ನೋಡಲು ಗೋವಾಕ್ಕೆ ಬರುವ ಮಂದಿಯನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಮ್ಹಾಪಸಾ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ನಮ್ಮಪ್ಪ ಬೆಳಗಾವಿಯಿಂದ ಬಂದು ಹಾಕಿದ್ದು. ಅರ್ಧ ಚಡ್ಡಿಯ ಗಿರಾಕಿಗಳು ಒಳಗೆ ಬಂದು, ಕಪಾಟಿನಲ್ಲಿದ್ದ ಟವೆಲ್ಲುಗಳನ್ನೆಲ್ಲ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, ಬೀಚಿಗೆ ಬಸ್ಸು ಎಲ್ಲಿ ಸಿಗುತ್ತದೆ ಎಂದು ಕೇಳಿ ಹೋಗುತ್ತಾರೆ. ನಾನು ತಪ್ಪು ದಾರಿ ಹೇಳಿ ಕಳಿಸಿದ್ದೂ ಉಂಟು. ಅದಕ್ಕೆ ನನಗೇನೂ ಬೇಸರವಿಲ್ಲ.

ಅಂಥವರ ಸಾಲಿಗೆ ನಮ್ಮ ಬೀಗರೂ ಸೇರಿದರು. ಮಗಳನ್ನು ಕೊಟ್ಟ ಮನೆ ಅದು. ಮೂಲ ವಿಜಯಪುರದ ಕಡೆಯವರು, ಈಗ ಹೈದರಾಬಾದಿನಲ್ಲಿ ಹಾರ್ಡ್‌ವೇರ್ ವ್ಯಾಪಾರ. ಕಳೆದ ಚಳಿಗಾಲದಲ್ಲಿ ಮಗಳು ತನ್ನವ್ವನಿಗೆ ಫೋನ್ ಮಾಡಿ, ಅತ್ತೆ, ಮಾವ, ಗಂಡ, ತಾನು ಎಲ್ಲರೂ ವಿಮಾನದಲ್ಲಿ ಮೋಪಾಕ್ಕೆ ಬಂದು ಇಳಿಯುತ್ತೇವೆ, ಕಲಂಗುಟ್ ದಂಡೆಯ ರಿಸಾರ್ಟಿನಲ್ಲಿ ವಾರ ಇರುತ್ತೇವೆ ಎಂದಳು. ನನ್ನ ಹೆಂಡತಿ ಬರುತ್ತಾರೆ ಎಂಬುದನ್ನಷ್ಟೇ ಕೇಳಿಸಿಕೊಂಡಳು. ನನ್ನ ಕಿವಿಯಲ್ಲಿ ಉಳಿದದ್ದು ರಿಸಾರ್ಟ್. ಮೋಪಾ ವಿಮಾನ ನಿಲ್ದಾಣದಿಂದ ಕಲಂಗುಟ್‌ಗೆ ಹೋಗುವ ರಸ್ತೆ ನಮ್ಮೂರನ್ನು ಮುಟ್ಟಿಕೊಂಡೇ ಹೋಗುತ್ತದೆ. ಹೆಣ್ಣು ಕೊಟ್ಟವರ ಬಾಗಿಲ ಮುಂದೆ ಹಾದು ಹೋಗಿ ಬಾಡಿಗೆ ಕೋಣೆಯಲ್ಲಿ ಮಲಗುವ ಬೀಗರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಮಗಳು ಮದುವೆಯಾದ ಮೇಲೆ ಒಂದು ಪಂಚಮಿಗೆ ಬಂದು ಹೋದವಳು ಮತ್ತೆ ತವರಿನ ಹೊಸ್ತಿಲು ತುಳಿದಿರಲಿಲ್ಲ. ಪ್ರತಿ ಸಲ ಏನೋ ಒಂದು ಕಾರಣ ಬರುತ್ತಿತ್ತು, ನಾನು ಅದನ್ನೆಲ್ಲ ಬೀಗರ ತಲೆಗೇ ಕಟ್ಟುತ್ತಿದ್ದೆ. ಈ ಸಲ ನನ್ನ ಹಟ ಒಂದೇ: ವಿಮಾನದಿಂದ ಇಳಿದವರು ಮೊದಲು ನಮ್ಮ ಮನೆಗೆ ಬರಬೇಕು, ಮಗಳು ನಮ್ಮ ಪಡಸಾಲೆಯಲ್ಲಿ ಕೂತು ಉಣ್ಣಬೇಕು, ಆಮೇಲೆ ಸಮುದ್ರಕ್ಕಾದರೂ ಹೋಗಲಿ, ಎಲ್ಲಿಗಾದರೂ ಹೋಗಲಿ. ಅದಾಗಬೇಕಾದರೆ ಅವರು ಕೂರುವ ಗಾಡಿ ನಾನು ಮಾಡಿದ್ದಾಗಿರಬೇಕು.

ಗಾಡಿಯ ವಿಷಯದಲ್ಲಿ ನನಗೂ ಬೀಗರಿಗೂ ಹಳೆಯ ಜಗಳವೂ ಒಂದಿತ್ತು. ಮಗಳ ಮದುವೆ ನಡೆದದ್ದು ಬೆಳಗಾವಿಯಲ್ಲಿ. ಬೀಗರ ಬಸ್ಸು ಬಂದಾಗ ಹೆಣ್ಣಿನ ತಂದೆ ಎದುರು ಹೋಗಿ ನೀರು ಬೆಲ್ಲ ಕೊಟ್ಟು ಇಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಕೊನೆಯ ಸೀರೆ ಗಂಟು ತೆಗೆದುಕೊಂಡು ಮ್ಹಾಪಸಾದಿಂದ ಹೊರಟವನು ಚೋರ್ಲಾ ಘಾಟಿನಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ಸಿಕ್ಕಿಬಿದ್ದೆ. ನನ್ನ ತಮ್ಮ ನೀರಿನ ತಂಬಿಗೆ ಹಿಡಿದು ನಿಂತರೂ ಬೀಗರು ಇಳಿಯಲಿಲ್ಲ. ಹೆಣ್ಣಿನ ತಂದೆಯೇ ಬರಬೇಕು ಎಂದು ಕಲ್ಯಾಣ ಮಂಟಪದ ಮುಂದೆ ಬಸ್ಸಿನೊಳಗೇ ಕೂತರು. ನಾನು ಬಂದವನು ಬೆವರು ಒರೆಸಿಕೊಳ್ಳುತ್ತ, ಎಲ್ಲರ ಮುಂದೆ, "ಇಳಿಯಾಕ ನಿಮಗ ಕಾಲು ಇರಲಿಲ್ಲೇನ್ರಿ?" ಎಂದುಬಿಟ್ಟೆ. ಅಂದಿನಿಂದ ಅವರ ಬಳಗದ ಯಾವ ಮದುವೆಯೂ ಬಸ್ಸಿನ ಕಥೆಯಿಲ್ಲದೆ ಮುಗಿಯುವುದಿಲ್ಲವಂತೆ. ಕಥೆಯಲ್ಲಿ ಅವರು ಬಿಸಿಲಲ್ಲಿ ಕೂತ ಸಾಧುಗಳು, ನಾನು ಸೊಕ್ಕಿನವನು. ಅದನ್ನು ನಾನು ಮರೆತಿಲ್ಲ, ಮರೆಯುವ ವಿಚಾರವೂ ಇಲ್ಲ.

ಹೀಗಾಗಿ ನಾನೇ ಬೀಗರಿಗೆ ಫೋನ್ ಮಾಡಿದೆ. "ವಿಮಾನ ಇಳಿಯೂದರಾಗ ನಮ್ಮ ಗಾಡಿ ಬಾಗಲಿಗೆ ಇರತೈತ್ರಿ. ನೀವು ಬರ್ರಿ, ಅಷ್ಟ," ಎಂದೆ.

"ಬ್ಯಾಡ್ರಿ ಬೀಗರ, ನಿಮಗ ಯಾಕ ತ್ರಾಸ," ಎಂದರು.

"ತ್ರಾಸ ಏನ್ ಬಂತ್ರಿ ಅದರಾಗ?"

"ಇಲ್ಲಿಲ್ಲ, ಖರೇನ ಬ್ಯಾಡ್ರಿ. ನಾವು ಹ್ಯಾಂಗರ ಹೋಗ್ತೀವಿ."

ನಮ್ಮ ಮಂದಿಯ ಈ ಬ್ಯಾಡ ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು. ಚಹಾ ಬೇಕೇ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಬೇಕು ಎನ್ನುವುದಿಲ್ಲ. ಬೇಕು ಎಂದವನು ಬರಗೆಟ್ಟವನು. ಬಂದವರು ಬ್ಯಾಡ ಅನ್ನಬೇಕು, ನಾವು ತಂದಿಡಬೇಕು, ಅವರು ಮತ್ತೊಮ್ಮೆ ಬ್ಯಾಡ ಎಂದು ಕುಡಿಯಬೇಕು. ಊಟಕ್ಕೂ ಹಾಗೆ, ಸೀರೆ ಕೊಡುವಾಗಲೂ ಹಾಗೆ. ಬ್ಯಾಡ ಎಂದದ್ದನ್ನು ನಂಬಿ ಸುಮ್ಮನಾದವನಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದು ಅರ್ಥ. ನಾನು ಗಾಡಿ ಕಳಿಸದಿದ್ದರೆ ನಾಳೆ ಹೈದರಾಬಾದಿನಲ್ಲಿ, ಬಾಯಿಮಾತಿಗೆ ಕೇಳಿ ಕೈ ತೊಳೆದುಕೊಂಡ ಎಂದು ಇನ್ನೊಂದು ಕಥೆ ಹುಟ್ಟುತ್ತದೆ. ಫೋನಿಟ್ಟವನೇ ಗಾಡಿಯ ವಿಚಾರಕ್ಕೆ ಕೂತೆ.

"ಅವರು ಖರೇನ ಬ್ಯಾಡ ಅಂದಿರಬೇಕ್ರಿ," ಎಂದಳು ಹೆಂಡತಿ.

"ನಿನಗೇನ್ ತಿಳೀತೈತಿ, ಸುಮ್ನಿರು," ಎಂದೆ.

ಮೊದಲು ಫೋನಿನ ಆ್ಯಪಿನಲ್ಲೇ ಬುಕ್ ಮಾಡಲು ನೋಡಿದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಮಂದಿ, ಎಷ್ಟು ಸಾಮಾನು ಎಂದೆಲ್ಲ ಕೇಳಿತು. ಎಲ್ಲಿಗೆ ಎಂಬಲ್ಲಿ ನಮ್ಮ ಮನೆ ಹಾಕಿದರೆ ಕಲಂಗುಟ್ ಬಿಟ್ಟುಹೋಯಿತು, ಕಲಂಗುಟ್ ಹಾಕಿದರೆ ನಮ್ಮ ಮನೆ ಬಿಟ್ಟುಹೋಯಿತು. ನಡುವೆ ಬೀಗರು ಊಟಕ್ಕೆ ಇಳಿಯುತ್ತಾರೆ ಎಂದು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಮೇಲೆ ತೆಂಗಿನ ಮರ, ನೀಲಿ ನೀರು ತೋರಿಸಿ ರಜೆಯನ್ನು ಆನಂದಿಸಿ ಎಂದು ನನಗೇ ಹೇಳತೊಡಗಿತು. ಫೋನನ್ನು ಗಾದಿಯ ಮೇಲೆ ಒಗೆದು ಟ್ಯಾಕ್ಸಿ ಸ್ಟ್ಯಾಂಡಿಗೆ ನಡೆದೆ.

ಸ್ಟ್ಯಾಂಡಿನವರೆಲ್ಲ ನನ್ನ ಮುಖ ಬಲ್ಲವರೇ. ಆದರೂ ಹತ್ತಿರ ಹೋದರೆ "ಘಾಂಟಿ ಆಯ್ಲೊ" ಎಂದು ಒಬ್ಬರಿಗೊಬ್ಬರು ಅಂದುಕೊಳ್ಳುತ್ತಾರೆ, ಘಟ್ಟದ ಮೇಲಿನವ ಬಂದ ಎಂದು. ಮೆಲ್ಲಗೆ ಅನ್ನುತ್ತಾರೆ, ಆದರೆ ನನಗೆ ಕೇಳುವಷ್ಟು ಮೆಲ್ಲಗೆ. ಅವರಲ್ಲೊಬ್ಬ ದಪ್ಪ ಮೀಸೆಯವನ ಹತ್ತಿರ ದೊಡ್ಡ ಬಿಳಿ ಗಾಡಿ ಇತ್ತು. ನಡುವೆ ನಮ್ಮ ಮನೆಯಲ್ಲಿ ನಿಲ್ಲಬೇಕು ಎಂದೆ. ಎಷ್ಟು ಹೊತ್ತು ಎಂದ. ಹೋಳಿಗೆ ಊಟ, ಅದಕ್ಕೆ ಹೊತ್ತಿನ ಲೆಕ್ಕ ಇಡಲಿಕ್ಕಾಗುತ್ತದೆಯೇ ಎಂದೆ. ಹಾಗಾದರೆ ನಿಂತದ್ದಕ್ಕೂ ಬಾಡಿಗೆ ಹತ್ತುತ್ತದೆ ಎಂದ. ಕಲಂಗುಟ್‌ನಲ್ಲಿ ಅಲ್ಲಿಯ ಸ್ಟ್ಯಾಂಡಿನವರು ಹೊರಗಿನ ಗಾಡಿ ಕಂಡರೆ ಮೈಮೇಲೆ ಏರಿ ಬರುತ್ತಾರೆ, ತಾನು ರಿಸಾರ್ಟಿನ ಗೇಟಿನ ಹೊರಗೇ ಇಳಿಸುವವನು ಎಂದೂ ಹೇಳಿದ. ಬೀಗರು ಪೆಟ್ಟಿಗೆ ಹೊತ್ತು ಗೇಟಿನಿಂದ ನಡೆಯುವುದು ಕಣ್ಣಿಗೆ ಬಂದು ನನಗೆ ಸಂತೋಷವೇ ಆಯಿತು. ಒಪ್ಪಿದೆ.

ಆ ದಿನ ಹೆಂಡತಿ ನಸುಕಿನಲ್ಲೇ ಎದ್ದು ಬೇಳೆ ಬೇಯಲು ಇಟ್ಟಳು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ ಎಲ್ಲ ಮಗಳಿಗೆ ಸೇರುವಂಥವೇ. ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅಂಗಡಿಯಿಂದ ನಾನೇ ಆರಿಸಿ ತಂದ ಇಳಕಲ್ ಸೀರೆ ದೇವರ ಮುಂದೆ ಕೂತವು. ನಾನು ಇಸ್ತ್ರಿ ಅಂಗಿ ತೊಟ್ಟು ಬಿಳಿ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹೊರಟೆ. ಮದುವೆಯಲ್ಲಿ ತಪ್ಪಿದ್ದನ್ನು ಈಗ ಮಾಡಿ ತೋರಿಸುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಇದ್ದೆ.

ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಹೆಸರಿನ ಬೋರ್ಡು ಹಿಡಿದವರು ಸಾಲಾಗಿ ನಿಂತಿದ್ದರು. ಅವರಲ್ಲಿ ರಿಸಾರ್ಟಿನ ಅಂಗಿ ತೊಟ್ಟ ಒಬ್ಬನ ಕೈಯಲ್ಲಿ ನನ್ನ ಮಗಳ ಹೆಸರಿತ್ತು, ಬೀಗರ ಅಡ್ಡಹೆಸರಿನ ಸಮೇತ. ನೋಡಿದ ಕೂಡಲೇ ಮೈ ಉರಿಯಿತು. ಇವರನ್ನು ಕರೆದೊಯ್ಯಲು ನಾನು ಬಂದಿದ್ದೇನೆ, ನೀನು ಹೊರಡು ಎಂದು ಹಿಂದಿಯಲ್ಲಿ ಹೇಳಿದೆ. ಬುಕಿಂಗ್ ಇದೆ ಎಂದ. ಯಾರು ಮಾಡಿದ್ದು ಎಂದರೆ ಬೋರ್ಡನ್ನೇ ಮುಂದೆ ಹಿಡಿದ. ಬೀಗರು ಸೊಸೆಯ ಹೆಸರು ಮುಂದೆ ಮಾಡಿ ಆಟ ಹೂಡಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಮೀಸೆಯವನೂ ಬಂದ. ಸವಾರಿ, ಅಂದರೆ ಗಾಡಿ ಹತ್ತುವ ಗಿರಾಕಿ, ಯಾರದು ಎಂದು ಅವನಿಗೂ ಇವನಿಗೂ ಕೊಂಕಣಿಯಲ್ಲಿ ಹತ್ತಿಕೊಂಡಿತು. ನಾನು ಬಿಡಿಸಲು ಹೋಗಲಿಲ್ಲ, ಇನ್ನಷ್ಟು ಜೋರಾಗಲಿ ಎಂದೇ ನಿಂತೆ.

ಬೀಗರು ಹೊರಗೆ ಬಂದರು. ಮೊಣಕಾಲು ಕಾಣುವ ಚಡ್ಡಿ, ಹೂವಿನ ಅಂಗಿ. ಬೀಗಿತಿಯ ಕಣ್ಣಿಗೆ ಕಪ್ಪು ಕನ್ನಡಕ. ಹಿಂದೆ ಅಳಿಯ ಸಾಮಾನಿನ ಟ್ರಾಲಿ ತಳ್ಳುತ್ತಿದ್ದ, ಅವನ ಪಕ್ಕದಲ್ಲಿ ಮಗಳು. ಸೊರಗಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ, ಅರಳಲಿಲ್ಲ.

"ಬರ್ರಿ ಬೀಗರ. ಗಾಡಿ ಆ ಕಡೆ ಐತಿ," ಎಂದು ಕೈ ಮುಗಿದೆ.

"ನಾವು ಬ್ಯಾಡ ಅಂದಿದ್ವಲ್ರಿ," ಎಂದರು ಬೀಗರು.

"ಅಂದಿದ್ರಿ. ಹಂಗ ಯಾರು ಅನ್ನೂದಿಲ್ಲ ಹೇಳ್ರಿ?"

"ನಾವು ಖರೇನ ಅಂದಿದ್ವಿ."

ಬೀಗಿತಿ ಕನ್ನಡಕ ತೆಗೆಯದೆ, "ತಿರುಗಿ ಹೋಗೂವಾಗ ನೋಡೂಣಂತ್ರಿ. ಈಗ ಭಾಳ ದಣಿವಾಗೈತಿ," ಎಂದರು. ಹೈದರಾಬಾದಿನಿಂದ ತಂಪಿನಲ್ಲಿ ಕೂತು ಹಾರಿ ಬಂದವರಿಗೆ ದಣಿವು! ನನ್ನ ಸಿಟ್ಟು ನೆತ್ತಿಗೇರಿತು.

"ಮದುವಿ ದಿನ ಬಸ್ಸಿನ್ಯಾಗ ಅಷ್ಟೊತ್ತು ಕೂತಾಗ ದಣಿವಾಗಿರಲಿಲ್ಲಲ್ರಿ?" ಎಂದೆ.

ಬೋರ್ಡಿನವನೂ ಮೀಸೆಯವನೂ ಜಗಳ ನಿಲ್ಲಿಸಿ ನಮ್ಮ ಕಡೆ ನೋಡಿದರು. ಬೀಗರ ಮುಖ ಕಪ್ಪಿಟ್ಟಿತು. ಅಳಿಯ ಟ್ರಾಲಿಯ ಹಿಡಿಕೆ ನೋಡುತ್ತ ನಿಂತ. ಸರಿಯಾಗಿ ಕೊಟ್ಟೆ ಎಂಬ ಸಮಾಧಾನ ನನಗೆ. ಆಗ ಮಗಳು ಬಂದು ನನ್ನ ಮೊಣಕೈ ಹಿಡಿದು ಖಾಲಿ ಟ್ರಾಲಿಗಳು ನಿಂತಿದ್ದ ಕಡೆ ಕರೆದೊಯ್ದಳು.

"ಅಪ್ಪಾ, ಆ ಗಾಡಿ ಅವರು ಮಾಡಿಲ್ಲ. ನಾ ಮಾಡೀನಿ," ಎಂದಳು.

"ನೀನಾ?"

"ಹೌದು. ನೀ ಗಾಡಿ ತರ್ತಿ ಅಂತ ಅವ್ವ ಹೇಳಿದ ಮ್ಯಾಲೂ ಬಿಡಲಿಲ್ಲ. ಬೇಕಂತನ ಮಾಡೀನಿ."

"ನಿಮ್ಮವ್ವ ನಸಿಕಿಲೆ ಎದ್ದು ಹೋಳಿಗಿ ಮಾಡ್ಯಾಳ. ಮನಿ ಮುಂದಿಂದನ ಹೊಂಟೀರಿ. ಒಂದ್ ತುತ್ತು ಉಂಡು ಹೋಗಾಕ ಏನಾಗೈತಿ ನಿನಗ?"

"ನೀವಿಬ್ರು ಬೀಗರು ಒಂದ್ ತಾಸು ಕೂಡ್ತೀರಿ, ಏನರ ಒಂದ್ ಮಾತು ಆಡ್ತೀರಿ, ಎದ್ದು ಹೋಗ್ತೀರಿ. ಆ ಮಾತು ಆಮ್ಯಾಲ ನನ್ನ ಅಡಗಿಮನ್ಯಾಗ ಇರತೈತಪ್ಪಾ. ನಿಮ್ಮಪ್ಪ ಹಿಂಗ ಅಂದ ಅಂತ ದಿನಾ ಕೇಳಾಕಿ ನಾನು. ಈಗ ಅಂದೆಲ್ಲ, ಇದನ್ನೂ ನಾನ ಕೇಳ್ಬೇಕು."

ಅವಳ ದನಿ ಏರಲಿಲ್ಲ. ಅತ್ತಿದ್ದರೆ ಬೀಗರ ಮೇಲೆ ಇನ್ನೊಂದು ಸುತ್ತು ಹರಿಹಾಯಬಹುದಿತ್ತು, ಅಳಲೂ ಇಲ್ಲ. ದಿನಾ ಮಾಡುವ ಕೆಲಸದ ಬಗ್ಗೆ ಹೇಳಿದ ಹಾಗೆ ಹೇಳಿದಳು. ಬರದಿದ್ದುದಕ್ಕೆ ಇಷ್ಟು ವರ್ಷ ಕೊಟ್ಟ ಕಾರಣಗಳೆಲ್ಲ ಅವಳೇ ಹೊಂದಿಸಿದವು ಎಂದು ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಅದಕ್ಕೂ ಸಿಟ್ಟೇ ಬಂತು.

"ಅವ್ವನ್ನ ನೋಡಾಕ ಬರ್ತೀನಿ. ಶುಕ್ರವಾರ, ಒಬ್ಬಾಕಿನ," ಎಂದಳು.

ಶುಕ್ರವಾರ ಮ್ಹಾಪಸಾದ ಸಂತೆ. ಹಳ್ಳಿಹಳ್ಳಿಯಿಂದ ಜನ ಬರುವ ದಿನ. ಅಂದು ನಾನು ಬೆಳಗ್ಗೆ ಅಂಗಡಿ ಹೊಕ್ಕರೆ ಊಟಕ್ಕೂ ಮನೆಗೆ ಹೋಗುವುದಿಲ್ಲ, ಬುತ್ತಿ ಅಲ್ಲಿಗೇ ಬರುತ್ತದೆ. ಅವಳು ಆ ಮನೆಯಲ್ಲೇ ಬೆಳೆದವಳು.

"ಶುಕ್ರವಾರ ಸಂತಿ ಅಲ್ಲ? ನಾ ಅಂಗಡಿ ಬಿಟ್ಟು ಮನಿಗಿ ಹ್ಯಾಂಗ ಬರ್ಲಿ?"

"ಗೊತ್ತೈತಿ," ಎಂದಳು.

ಅಷ್ಟು ಹೇಳಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಗಂಡನ ಹಿಂದೆ ರಿಸಾರ್ಟಿನ ಗಾಡಿಗೆ ಹೋಗಿ ಕೂತಳು. ಗಾಜು ಕಪ್ಪಗಿದ್ದುದರಿಂದ ಅವಳು ತಿರುಗಿ ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ.

"ಪಾತ್ರಾಂವ್, ಸವಾರಿ?" ಎಂದ ಮೀಸೆಯವನು, ಇಲ್ಲಿ ಯಜಮಾನರಿಗೆ ಅನ್ನುವ ಹಾಗೆ. ಮೀಸೆಯ ಕೆಳಗೆ ನಗೆ ಇತ್ತು. ನಾನೇ ಸವಾರಿ, ನಡಿ ಎಂದೆ. ಖಾಲಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೆ. ಕೊಲ್ವಾಳದ ಸೇತುವೆಯವರೆಗೆ ರಿಸಾರ್ಟಿನ ಗಾಡಿ ಮುಂದೆ ಕಾಣುತ್ತಿತ್ತು, ಆಮೇಲೆ ಲಾರಿಗಳು ನಡುವೆ ಬಂದವು.

ಗಾಡಿಯ ಸದ್ದಿಗೆ ಹೆಂಡತಿ ಬಾಗಿಲಿಗೆ ಬಂದಳು. ನಾನೊಬ್ಬನೇ ಇಳಿದೆ. "ಶುಕ್ರವಾರ ಬರ್ತಾಳಂತ," ಎಂದೆ. "ಶುಕ್ರವಾರಾ?" ಎಂದು ನನ್ನ ಮುಖ ನೋಡಿದಳು, ನೋಡಿ ಒಳಗೆ ಹೋದಳು. ಆ ಹೋಳಿಗೆಯಲ್ಲಿ ಅರ್ಧ ಓಣಿಗೆ ಹಂಚಿ ಹೋಯಿತು. ನಾನು ಮುಟ್ಟಲಿಲ್ಲ.

ಗಾಡಿ ಮಾಡಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಬೀಗರು ಬರುವಾಗ ಗಾಡಿ ಕಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀಗರು ಸೊಕ್ಕಿನವರು, ಅದರಲ್ಲೂ ಎರಡು ಮಾತಿಲ್ಲ.

ಶುಕ್ರವಾರ ಅಂಗಡಿ ತುಂಬ ಜನ. ಅಂದು ನಾನು ಗಿರಾಕಿಗಳ ಮೇಲೆ ಹರಿಹಾಯ್ದಷ್ಟು ಎಂದೂ ಹಾಯ್ದಿರಲಿಕ್ಕಿಲ್ಲ. ಅಗ್ಗದ ಲುಂಗಿ ಕೇಳಿದವನಿಗೆ ಬೇರೆ ಅಂಗಡಿ ನೋಡು ಎಂದೆ. ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ, ಎಷ್ಟು ದೂರ? ಒಮ್ಮೆ ಚಪ್ಪಲಿ ಮೆಟ್ಟಿ ಬೀದಿಗೂ ಇಳಿದೆ. ಈಗ ಅವಳು ಪಡಸಾಲೆಯಲ್ಲಿ ಕೂತಿರಬಹುದು, ಅವ್ವ ಬಡಿಸುತ್ತಿರಬಹುದು, ನಾನು ಬಾಗಿಲಲ್ಲಿ ಕಂಡರೆ ಕೈ ತಟ್ಟೆಯಲ್ಲೇ ನಿಲ್ಲಬಹುದು. ತಿರುಗಿ ಬಂದು ಗಾದಿಯ ಮೇಲೆ ಕೂತೆ.

ಸಂತೆ ಇಳಿಯುವ ಹೊತ್ತಿಗೆ ಹೆಂಡತಿಯ ಫೋನ್ ಬಂತು.

"ಹೋದಳ್ರಿ. ಹೊಟ್ಟಿ ತುಂಬ ಉಂಡಳು," ಎಂದಳು. ಆಮೇಲೆ, "ಈಗ ಬರ್ರಿ," ಎಂದಳು.